ಜಂತಿನ ಗುಳಿಗೆ ಮಕ್ಕಳಿಗಷ್ಟೇ ಅಲ್ಲ



ಶಾಲೆಯಲ್ಲಿ, ಅಂಗನವಾಡಿಯಲ್ಲಿ ನಮ್ಮ ಮಕ್ಕಳಿಗೆ ಅಗಿದು ತಿನ್ನುವ ಒಂದು ಗುಳಿಗೆ ಕೊಡುತ್ತಾರಲ್ಲ, ಅದರ ಹೆಸರು ಅಲ್ಬೆಂಡಜೋಲ್. ನಮ್ಮ ಕಡೆ ಎಲ್ಲರೂ ಜಂತಿನ ಗೋಳಿ ಅನ್ನುತ್ತಾರೆ. 2015ರ ಫೆಬ್ರವರಿಯಲ್ಲಿ ದೇಶದಲ್ಲಿ ಮೊದಲ ಸಲ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನ ನಡೆದಾಗ, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂದು ವರ್ಷದಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಇದು ಪುಕ್ಕಟೆ. ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳು ಎನ್ನುತ್ತಾರೆ, ಆದರೆ ತಾರೀಖು ಹಿಂದೆ ಮುಂದೆ ಆಗುವುದುಂಟು. ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳುವುದೇ ಸರಿ.

ಮಕ್ಕಳ ಮಾತು ಬಂದಾಗ ನಾವೆಲ್ಲ ತಲೆ ಆಡಿಸುತ್ತೇವೆ. "ನೀವೂ ಕೇಳಿ ತಗೋರಿ" ಅಂದರೆ ಮಾತ್ರ, "ನಮಗ್ಯಾಕ ಜಂತಿನ ಗೋಳಿ? ನಾವೇನು ಸಣ್ಣ ಹುಡುಗರಾ?" ಎಂದು ನಗು ಬರುತ್ತದೆ. ಭಾಲ್ಕಿ, ಔರಾದ್ ಕಡೆ ಹೊಲದ ಕೆಲಸ ಮಾಡುವ ನಮ್ಮ ಸದಸ್ಯೆಯರಿಗೆ ಈ ಪಾಠ ಮಕ್ಕಳಿಗಿಂತ ಕಡಿಮೆ ಬೇಕಾದದ್ದಲ್ಲ.

ಹೊಟ್ಟೆಯ ಹುಳಗಳಲ್ಲಿ ಮುಖ್ಯವಾದವು ಮೂರು: ದುಂಡುಹುಳ, ಚಾಟಿಹುಳ, ಕೊಕ್ಕೆಹುಳ. ದುಂಡುಹುಳ ಮಣ್ಣು ಹತ್ತಿದ ಕೈಯಿಂದ, ತೊಳೆಯದ ಕಾಯಿಪಲ್ಯದಿಂದ ಬಾಯಿಗೆ ಹೋಗುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ, ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೀದರ್ ನಗರದ ಓಣಿಗಳಲ್ಲಿ ತೆರೆದ ಗಟಾರದ ಪಕ್ಕ ಆಡುವ ಮಕ್ಕಳಿಗೆ ಇದರ ಭಯ ಹೆಚ್ಚು. ಚಾಟಿಹುಳವೂ ಇದೇ ದಾರಿಯಿಂದ ಬರುತ್ತದೆ.

ಕೊಕ್ಕೆಹುಳದ ದಾರಿ ಬೇರೆ. ಬಯಲಿಗೆ ಹೋದವರ ಮಲದಲ್ಲಿದ್ದ ಮೊಟ್ಟೆ ಹಸಿ ಮಣ್ಣಿನಲ್ಲಿ ಒಡೆದು, ಕಣ್ಣಿಗೆ ಕಾಣದ ಮರಿ ಹೊರಬರುತ್ತದೆ. ಬರಿಗಾಲಿನಲ್ಲಿ ನಡೆದರೆ ಅದು ಕಾಲಿನ ಚರ್ಮ ಕೊರೆದು ಒಳಗೆ ಸೇರುತ್ತದೆ. ಅಲ್ಲಿ ಕೆಲವರಿಗೆ ತುರಿಕೆ ಬರುತ್ತದೆ. ನಾವು ಅದನ್ನು "ಕೆಸರು ಹುಣ್ಣು" ಎಂದು ಬಿಟ್ಟುಬಿಡುತ್ತೇವೆ. ಆಮೇಲೆ ಅದು ರಕ್ತದ ಜೊತೆ ಪುಪ್ಪುಸಕ್ಕೆ, ಅಲ್ಲಿಂದ ಗಂಟಲಿಗೆ ಬಂದು, ನುಂಗಿದಾಗ ಕರುಳಿಗೆ ಇಳಿದು ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಬೇಸಿಗೆಯ ಬಿಸಿಲಿಗೆ ಒಣಗಿದ ಮಣ್ಣಿನಲ್ಲಿ ಮರಿ ಬದುಕುವುದಿಲ್ಲ. ನೆರಳು, ತಂಪು, ಮಳೆ ಅದಕ್ಕೆ ಬೇಕು. ಹೆಸರು, ಉದ್ದು, ಸೋಯಾ ಹೊಲದಲ್ಲಿ ಕಳೆ ತೆಗೆಯಲು ನಾವು ಬಗ್ಗಿ ನಿಲ್ಲುವುದು ಸರಿಯಾಗಿ ಅದೇ ಮಳೆಗಾಲದಲ್ಲಿ!

ಇದು ಸೆಂಟಿಮೀಟರ್ ಉದ್ದದ ಹುಳ. ಜಾತಿ ನೋಡಿ ಒಂದೊಂದು ದಿನಕ್ಕೆ 0.03ರಿಂದ 0.2 ಮಿಲಿ ಲೀಟರ್‌ವರೆಗೆ ರಕ್ತ ತೆಗೆಯುತ್ತದೆ. ಇಷ್ಟೇನಾ ಅನ್ನಿಸಬಹುದು. ಸಂಘದಲ್ಲಿ ಬಡ್ಡಿ ಲೆಕ್ಕ ಹಾಕುವ ಹಾಗೆ ಹಾಕಿ ನೋಡಿ. ನೂರು ಹುಳ ಇದ್ದರೆ ದಿನಕ್ಕೆ 3ರಿಂದ 20 ಮಿಲಿ ಲೀಟರ್, ಅಂದರೆ ಅರ್ಧ ಚಮಚೆಯಿಂದ ನಾಲ್ಕು ಚಹಾ ಚಮಚೆ ರಕ್ತ. ಅಸಲು ತೀರದ ಸಾಲ ಇದು. ಮೊದಲೇ ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಕಳೆದುಕೊಳ್ಳುವ ಹೆಂಗಸಿಗೆ ಈ ಸೋರಿಕೆ ಎಷ್ಟು ಭಾರ ಆದೀತು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆಲ್ಲ ಹುಳವೇ ಕಾರಣ ಅಲ್ಲ. ಊಟದ ಕೊರತೆ ದೊಡ್ಡ ಕಾರಣ. ಆದರೂ ತಿಂಗಳುಗಟ್ಟಲೆ ಕಬ್ಬಿಣಾಂಶದ ಗುಳಿಗೆ ನುಂಗಿಯೂ "ಮೈಯಾಗ ಶಕ್ತಿನೇ ಇಲ್ಲ, ಏಣಿ ಹತ್ತಿದರ ದಮ್ಮ ಬರ್ತದ" ಎನ್ನುವವರು ಈ ಸೋರಿಕೆ ಇದೆಯೇ ಎಂದು ನೋಡಿಸಬೇಕು. ಔಷಧ ಅಂಗಡಿಯ ದುಬಾರಿ ಟಾನಿಕ್ ಬಾಟಲಿಗೆ ಸಂಘದ ಸಾಲ ತೆಗೆಯುವುದು ಆಮೇಲಿನ ಮಾತು.

ಗುಳಿಗೆ ಏನು ಮಾಡುತ್ತದೆ? ಹುಳ ಸಕ್ಕರೆ ಅಂಶ ಹೀರಿಕೊಳ್ಳದಂತೆ ತಡೆಯುತ್ತದೆ, ಹುಳ ಉಪವಾಸ ಬಿದ್ದು ಸಾಯುತ್ತದೆ. ಈ ಔಷಧವನ್ನು 1970ರ ದಶಕದಲ್ಲಿ ಕಂಡುಹಿಡಿದಾಗ ಮೊದಲು ಬಳಸಿದ್ದು ದನಕುರಿಗಳಿಗೆ, ಮನುಷ್ಯರಿಗೆ ಬಂದದ್ದು 1980ರ ದಶಕದಲ್ಲಿ. ಆಡು ಕುರಿ ಸಾಕುವ ಸದಸ್ಯೆಯರಿಗೆ ಇದು ಗೊತ್ತಿರುವ ಸಂಗತಿಯೇ. ಕುರಿಗೆ ತಪ್ಪದೆ ಜಂತಿನ ಔಷಧ ಕುಡಿಸುವ ನಾವು ನಮ್ಮನ್ನೇ ಮರೆತಿದ್ದೇವೆ.

ಮಕ್ಕಳಿಗೆ ಕೊಡುವ ಪ್ರಮಾಣ ನೆನಪಿಡಿ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ ಗುಳಿಗೆ, ಅಂದರೆ 200 ಮಿಲಿ ಗ್ರಾಂ. ಎರಡು ವರ್ಷ ದಾಟಿದವರಿಗೆ ಪೂರ್ತಿ 400 ಮಿಲಿ ಗ್ರಾಂ. ಸಣ್ಣ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕುಡಿಸಬೇಕು. ಇಡೀ ಗುಳಿಗೆ ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ದೊಡ್ಡವರು ಅಗಿದೇ ನುಂಗಬೇಕು. ಒಂದು ವರ್ಷದ ಒಳಗಿನ ಕೂಸಿಗೆ, ಆ ದಿನ ಜ್ವರದಿಂದ ಮಲಗಿದ ಮಗುವಿಗೆ ಕೊಡುವುದಿಲ್ಲ. ತಪ್ಪಿಹೋದವರಿಗಾಗಿ ವಾರದೊಳಗೆ ಇನ್ನೊಂದು ದಿನ ಇಟ್ಟಿರುತ್ತಾರೆ.

"ನನ್ನ ಮಗಾ ಗೋಳಿ ತಗೊಂಡ ಮ್ಯಾಲ ವಾಂತಿ ಮಾಡ್ಯಾನ, ಇನ್ನ ಬ್ಯಾಡ ಅಕ್ಕಾ" ಎಂದು ಗುಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುವ ತಾಯಂದಿರಿದ್ದಾರೆ. ಹೊಟ್ಟೆಯಲ್ಲಿ ಹುಳ ಹೆಚ್ಚಿದ್ದ ಮಗುವಿಗೆ ಅವು ಸಾಯುವಾಗ ಹೊಟ್ಟೆನೋವು, ವಾಂತಿ, ಸುಸ್ತು ಆಗಬಹುದು. ನೆರಳಿನಲ್ಲಿ ಮಲಗಿಸಿ ನೀರು ಕುಡಿಸಿದರೆ ಹೆಚ್ಚಾಗಿ ಅಷ್ಟಕ್ಕೇ ಕಡಿಮೆ ಆಗುತ್ತದೆ. ಆಗದಿದ್ದರೆ ಕೂಡಲೇ ದವಾಖಾನೆಗೆ ಹೋಗಿ. ಮಲದಲ್ಲಿ ಹುಳ ಕಾಣಲಿಲ್ಲ, ಗುಳಿಗೆ ಸುಳ್ಳು ಅನ್ನುವುದೂ ತಪ್ಪು. ಕೊಕ್ಕೆಹುಳ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇನ್ನು ಬೆಲ್ಲ ತಿಂದರೆ ಜಂತು ಆಗುತ್ತದೆ ಎಂಬುದು ಅಜ್ಜಿಯರ ಮಾತು, ಬೆಲ್ಲದಲ್ಲಿ ಹುಳದ ಮೊಟ್ಟೆ ಇರುವುದಿಲ್ಲ.

ದೊಡ್ಡವರ ವಿಷಯ. ಆನೆಕಾಲು ರೋಗ ಇದ್ದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಕೂಡ ಒಂದು. ಅದನ್ನು ತಡೆಯಲು 2004ರಲ್ಲಿ ದೇಶದಲ್ಲಿ ಶುರುವಾದ ಸಾಮೂಹಿಕ ಔಷಧ ಕಾರ್ಯಕ್ರಮದಲ್ಲಿ ಮೊದಲು ಡಿ.ಇ.ಸಿ. ಗುಳಿಗೆ, ಕೆಲವು ವರ್ಷಗಳ ಮೇಲೆ ಜೊತೆಗೆ ಅಲ್ಬೆಂಡಜೋಲ್ ಕೊಟ್ಟರು. ಅದು ಆ ರೋಗಕ್ಕಾಗಿ ನಡೆದ ಸುತ್ತು. ಅದನ್ನು ನೆಚ್ಚಿಕೊಂಡು ಕೂರಬಾರದು. ಹೊಲದ ಕೆಲಸದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗೋ, ನಗರದಲ್ಲಿದ್ದವರು ಬ್ರಿಮ್ಸ್‌ಗೋ ಹೋಗಿ ರಕ್ತ ಪರೀಕ್ಷೆ ಮಾಡಿಸಿ, "ಜಂತಿನ ಗೋಳಿ ಬೇಕೇನ್ರಿ?" ಎಂದು ಬಾಯಿ ಬಿಟ್ಟು ಕೇಳಿ.

ಎರಡು ಎಚ್ಚರಿಕೆ ಇವೆ. ಬಸುರಿಯರು ಮೊದಲ ಮೂರು ತಿಂಗಳು ಇದನ್ನು ಮುಟ್ಟಬಾರದು. ನಾಲ್ಕನೇ ತಿಂಗಳ ನಂತರ ತಪಾಸಣೆಯಲ್ಲಿ ನರ್ಸ್ ಅಥವಾ ಡಾಕ್ಟರ್ ಕೊಟ್ಟರೆ ಒಂದು ಸಲ ತೆಗೆದುಕೊಳ್ಳಬೇಕು. ಮುಟ್ಟು ನಿಂತು ಅನುಮಾನ ಇದ್ದವರು ಅದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಫಿಟ್ಸ್ ಬರುವವರು ಆ ಮಾತನ್ನು ಡಾಕ್ಟರರಿಂದ ಮುಚ್ಚಿಡಬೇಡಿ. ಕೆಲವರಿಗೆ ಲಾಡಿಹುಳದ ಮರಿ ಮೆದುಳಿಗೆ ಸೇರಿ ಫಿಟ್ಸ್ ಬರುತ್ತದೆ, ಅಂಥವರಿಗೆ ಇದೇ ಔಷಧವನ್ನು ಡಾಕ್ಟರರ ಕಣ್ಣೆದುರೇ ಕೊಡಬೇಕಾಗುತ್ತದೆ.

ಗುಳಿಗೆ ಹೊಟ್ಟೆ ಖಾಲಿ ಮಾಡುತ್ತದೆ, ಹೊಲದ ಮಣ್ಣನ್ನಲ್ಲ. ಇಂದು ತೆಗೆದುಕೊಂಡು ನಾಳೆ ಅದೇ ಹಸಿ ಮಣ್ಣಿನಲ್ಲಿ ಬರಿಗಾಲಿಟ್ಟರೆ ಹುಳ ಮತ್ತೆ ಬರುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕೊಡುವುದು. ಮನೆಯ ಸಂಡಾಸದಲ್ಲಿ ಕುಳ್ಳು, ಕಟ್ಟಿಗೆ ತುಂಬಿದವರು ಅದನ್ನು ಖಾಲಿ ಮಾಡಿ ಬಳಸಬೇಕು. ಗಂಡಸರೂ, ಮುದುಕರೂ ಬಳಸಬೇಕು. ಒಬ್ಬರು ಬಯಲಿಗೆ ಹೋದರೂ ಮಣ್ಣಿಗೆ ಮೊಟ್ಟೆ ಬೀಳುತ್ತದೆ. ಎರಡು ಗುಂಡಿಯ ಸಂಡಾಸವಾದರೆ ತುಂಬಿದ ಗುಂಡಿಯನ್ನು ಕನಿಷ್ಠ ಒಂದು ವರ್ಷ ಮುಚ್ಚಿಡಿ, ಎರಡು ವರ್ಷವಾದರೆ ಇನ್ನೂ ಒಳ್ಳೆಯದು. ಅದಕ್ಕೂ ಮೊದಲು ಗೊಬ್ಬರವೆಂದು ಹೊಲಕ್ಕೆ ಹಾಕಬೇಡಿ.

ಸಂಘದ ಸಭೆಯಲ್ಲಿ ಮಾತಾಡಲು: ನಮ್ಮಲ್ಲಿ ಎಷ್ಟು ಮಂದಿ ಕಳೆ ತೆಗೆಯುವಾಗ ಚಪ್ಪಲಿ, ಬೂಟು ಹಾಕುತ್ತೇವೆ? ಕೆಸರಿನಲ್ಲಿ ಜಾರುವುದಾದರೆ ಯಾವ ತರಹದ್ದು ಆಗುತ್ತದೆ? ಹತ್ತು ಜೋಡಿ ಒಟ್ಟಿಗೆ ತಂದರೆ ಬೆಲೆ ಇಳಿಯುತ್ತದೆಯೇ? ಸಂಡಾಸ ರಿಪೇರಿಗೆ ಆಂತರಿಕ ಸಾಲ ಬೇಕಾದವರು ಯಾರು? ಮುಂದಿನ ಗುಳಿಗೆ ದಿನ ಯಾವಾಗ ಎಂದು ಆಶಾ ಅಕ್ಕನನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆಯೇ?