ಮೇನ್ ಹಡಗಿಗೆ ಬೆಂಕಿ ಇಟ್ಟಿದ್ದು ಯಾರು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಹುಲ್ಲಿನ ಬಣವೆ ಹೊಸದೇನಲ್ಲ. ಊರಲ್ಲಿ ಬಣವೆ ಹೊತ್ತಿಕೊಂಡರೆ ನಾವು ಮೊದಲು ಕೇಳೋದು "ಯಾಕೆ ಹತ್ತಿತು?" ಅಂತಲ್ಲ, "ಯಾರು ಇಟ್ರು?" ಅಂತ. ಹೊಲದ ಬದುವಿನ ಹಳೇ ಜಗಳವಿದ್ದರಂತೂ ಉತ್ತರವೂ ರೆಡಿ. ಆದರೆ ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೊಳಗೇ ಬಿಸಿಯೇರಿ ಬಣವೆ ತಾನಾಗಿಯೂ ಹೊತ್ತಿಕೊಳ್ಳಬಹುದು.

1898ರಲ್ಲಿ ಎರಡು ದೇಶಗಳು ಹೀಗೆಯೇ "ಯಾರು?" ಎಂಬ ಪ್ರಶ್ನೆಯ ಹಿಂದೆ ಬಿದ್ದವು.

ಆಗ ಕ್ಯೂಬಾ ಸ್ಪೇನಿನ ವಸಾಹತು. ಅಲ್ಲಿ 1895ರಿಂದಲೂ ಸ್ವಾತಂತ್ರ್ಯದ ದಂಗೆ ನಡೆದಿತ್ತು. ತನ್ನ ಪ್ರಜೆಗಳ ರಕ್ಷಣೆಗೆಂದು ಅಮೆರಿಕ ಕಳಿಸಿದ 'ಮೇನ್' ಯುದ್ಧನೌಕೆ ಹವಾನಾ ಬಂದರಿನಲ್ಲಿ ನಿಂತಿತ್ತು. ಫೆಬ್ರವರಿ 15ರ ರಾತ್ರಿ ಅದರ ಮುಂಭಾಗದ ಮದ್ದಿನ ಕೋಣೆಗಳು ಸಿಡಿದವು. 260ಕ್ಕೂ ಹೆಚ್ಚು ಜನ ಸತ್ತರು.

ತನಿಖೆ ಮುಗಿಯುವವರೆಗೆ ಜನ ತೀರ್ಮಾನಕ್ಕೆ ಬರಬಾರದು ಎಂದು ಕ್ಯಾಪ್ಟನ್ ಸಿಗ್ಸ್‌ಬೀ ತಂತಿ ಕಳಿಸಿದ. ಕೇಳೋರ್ಯಾರು? ಹರ್ಸ್ಟ್‌ನ 'ನ್ಯೂಯಾರ್ಕ್ ಜರ್ನಲ್' ಪತ್ರಿಕೆ ಇದು ಶತ್ರುವಿನ ಕೆಲಸವೆಂದೇ ಬರೆಯಿತು, ತಪ್ಪಿತಸ್ಥರನ್ನು ಹಿಡಿದುಕೊಟ್ಟರೆ 50,000 ಡಾಲರ್ ಬಹುಮಾನ ಅಂತ ಸಾರಿತು.

ಹಡಗಿನ ತಳದ ಉಕ್ಕಿನ ತಗಡುಗಳು ಒಳಮುಖವಾಗಿ ಬಾಗಿದ್ದವು. ಹಾಗಾಗಿ ಹೊರಗಿನ ಮೈನ್ ಸಿಡಿದಿದೆ ಎಂದು ಅಮೆರಿಕದ ನೌಕಾ ತನಿಖೆ ಹೇಳಿತು. ಆದರೆ ಅದನ್ನು ಇಟ್ಟವರು ಯಾರು ಅಂತ ಅದು ಹೇಳಲಿಲ್ಲ. ಸ್ಪೇನಿನ ತನಿಖೆಯ ವಾದವೇ ಬೇರೆ: ನೀರಿನ ಕಂಬ ಎದ್ದದ್ದನ್ನು ಯಾರೂ ನೋಡಿಲ್ಲ, ಸತ್ತ ಮೀನು ತೇಲಿಲ್ಲ, ಆದ್ದರಿಂದ ಸ್ಫೋಟ ಒಳಗಿನದು. ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿಯೇ ಬಿಟ್ಟಿತು.

1976ರಲ್ಲಿ ಅಡ್ಮಿರಲ್ ರಿಕೋವರ್ ಎಂಜಿನಿಯರುಗಳ ನೆರವಿನಿಂದ ಹಳೆಯ ದಾಖಲೆ, ಫೋಟೋಗಳನ್ನು ಮತ್ತೆ ಪರಿಶೀಲಿಸಿದರು. ಅವರ ಪ್ರಕಾರ ಸ್ಫೋಟ ಒಳಗಿನದೇ. ಕಲ್ಲಿದ್ದಲ ಬೆಂಕಿ ಕಾರಣವಿರಬಹುದು. ಕಲ್ಲಿದ್ದಲು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ವರ್ತಿಸಿ ಬಿಸಿಯಾಗುತ್ತದೆ. ಆ ಶಾಖ ಹೊರಹೋಗದಿದ್ದರೆ ತಾಪ ಏರುತ್ತಲೇ ಹೋಗುತ್ತದೆ, ನಮ್ಮ ಬಣವೆಯ ಹೊಟ್ಟೆಯಲ್ಲಿ ಆಗುವ ಹಾಗೆ. ಮೇನ್‌ನಲ್ಲಿ ಕಲ್ಲಿದ್ದಲಿಗೂ ಮದ್ದಿಗೂ ನಡುವೆ ಇದ್ದದ್ದು ಒಂದು ಉಕ್ಕಿನ ಗೋಡೆ. ಉಕ್ಕು ಶಾಖವಾಹಕ ಅಂತ ನಮಗೆ ಗೊತ್ತೇ ಇದೆ. ಇದೂ ಕೊನೆಯ ಮಾತಲ್ಲ, ತಜ್ಞರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಹಾಗಂತ ಯುದ್ಧಕ್ಕೆ ಸ್ಫೋಟವೊಂದೇ ಕಾರಣ ಅನ್ನಲಾಗದು. ಕ್ಯೂಬಾದ ದಂಗೆ, ವ್ಯಾಪಾರದ ಹಿತ, ಸಾಮ್ರಾಜ್ಯದ ಆಸೆ ಮೊದಲೇ ಒಟ್ಟಿದ ಹುಲ್ಲಿನಂತಿದ್ದವು. ಸ್ಫೋಟದ ಕಾರಣ ತಿಳಿಯದಿದ್ದದ್ದೇ ಅನುಕೂಲವಾಯಿತು: ಆ ಖಾಲಿ ಜಾಗದಲ್ಲಿ ಎಲ್ಲರೂ ತಮಗೆ ಬೇಕಾದ ಶತ್ರುವನ್ನು ಕೂರಿಸಿದರು. ಡಿಸೆಂಬರ್ ಹೊತ್ತಿಗೆ ಸ್ಪೇನ್ ಕ್ಯೂಬಾವನ್ನು ಕಳೆದುಕೊಂಡಿತು. ಪೋರ್ಟೊ ರಿಕೊ, ಗುವಾಮ್, ಫಿಲಿಪೀನ್ಸ್ ಅಮೆರಿಕದ ಪಾಲಾದವು. ಮರುವರ್ಷ ಫಿಲಿಪೀನ್ಸಿನಲ್ಲಿ ಇನ್ನೊಂದು ಯುದ್ಧ ಶುರುವಾಯಿತು.

ನಾಳೆ ನಮ್ಮಲ್ಲೇ ಯಾರೋ ಇಂಥ ತನಿಖಾ ವರದಿ ಬರೆಯುತ್ತಾರೆ. ಅವತ್ತು ಹೊರಗೆ ಎಷ್ಟೇ ಕೂಗಾಟವಿರಲಿ, ಏನಾಯ್ತು, ಹೇಗಾಯ್ತು ಅನ್ನೋದು ಮುಗಿದ ಮೇಲೆಯೇ ಯಾರು ಅನ್ನೋದಕ್ಕೆ ಬರೋಣ. ಗೊತ್ತಾಗದಿದ್ದರೆ "ಗೊತ್ತಾಗಿಲ್ಲ" ಅಂತಲೇ ಬರೆದು ಸಹಿ ಹಾಕೋಣ.