ಕೈ ಕೊಡುವ ನುಡಿಗಟ್ಟುಗಳು

ಒಂದು ಭಾಷೆಯ ನಿಘಂಟನ್ನೆಲ್ಲ ಕಂಠಪಾಠ ಮಾಡಿದವನೂ ಆ ಭಾಷೆಯನ್ನಾಡುವವರ ಎದುರು ಮೂಕನಾಗಿ ನಿಲ್ಲಬೇಕಾದ ಪ್ರಸಂಗ ಬರುತ್ತದೆ. ಇದಕ್ಕೆ ಕಾರಣ ಅವನ ಬುದ್ಧಿಯ ಕೊರತೆಯಲ್ಲ. ನುಡಿಗಟ್ಟಿನ ಸ್ವಭಾವವೇ ಅಂಥದು. ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಬರುವ ಮೊತ್ತ ಒಂದು, ಜನ ಆಡುವಾಗ ಹೊರಡುವ ಅರ್ಥ ಇನ್ನೊಂದು. ಸುತ್ತಣ ಹಳ್ಳಿಗಳಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಇಂಗ್ಲಿಷ್ ವ್ಯಾಕರಣಕ್ಕಿಂತ ಹೆಚ್ಚಾಗಿ ಈ ನುಡಿಗಟ್ಟುಗಳಿಗೆ ಅಂಜುವುದನ್ನು ಪಾಠ ಹೇಳುವ ನಾನು ಕಂಡಿದ್ದೇನೆ. ಸಂದರ್ಶನಕ್ಕೆ ಹೋದಾಗ ಎದುರಿನವರು ನಕ್ಕಾರು ಎಂಬ ಭಯದಿಂದ ಬಾಯಿಯನ್ನೇ ತೆರೆಯದೆ ಬಂದವರೂ ಉಂಟು. ಈ ಅಂಜಿಕೆಯನ್ನು ಕೊಂಚ ಕಡಿಮೆ ಮಾಡುವುದೇ ಈ ಲೇಖನದ ಉದ್ದೇಶ.

ಗುತ್ತಲದ ಸಂತೆಯಲ್ಲಿ ಅರ್ಧ ತಾಸು ನಿಂತರೆ ನುಡಿಗಟ್ಟಿನ ಪಾಠ ಪುಕ್ಕಟೆಯಾಗಿ ದೊರೆಯುತ್ತದೆ. ‘ಈ ವರ್ಷ ಮಳಿ ಕೈ ಕೊಡ್ತು’ ಎಂದು ಒಬ್ಬ ರೈತ ಹೇಳುತ್ತಾನೆ. ‘ನಮಗ ಮೆಣಸಿನಕಾಯಿ ಕೈ ಹಿಡೀತು ನೋಡ್ರಿ’ ಎನ್ನುತ್ತಾನೆ ಮತ್ತೊಬ್ಬ. ಮಳೆಗೆ ಕೈಯುಂಟೇ, ಮೆಣಸಿನಕಾಯಿ ಕೈ ಹಿಡಿಯುವುದೆಂತು ಎಂದು ಯಾರೂ ಕೇಳುವುದಿಲ್ಲ. ಮೊದಲನೆಯದು ಮೋಸ, ಎರಡನೆಯದು ಆಸರೆ ಎಂಬುದನ್ನು ಅಕ್ಷರ ಬಾರದ ಮುದುಕಿಯೂ ಬಲ್ಲಳು. ಇಂಥ ಮಾತಿನಲ್ಲಿ ಬೆಳೆದ ಹುಡುಗನಿಗೆ ನುಡಿಗಟ್ಟು ಎಂಬುದು ಹೊಸ ವಸ್ತುವೇನೂ ಅಲ್ಲ.

ಈಗ ಇಂಗ್ಲಿಷಿನವರ ‘ಗಿವ್ ಮಿ ಎ ಹ್ಯಾಂಡ್’ ಎಂಬ ಮಾತನ್ನು ತೆಗೆದುಕೊಳ್ಳಿ. ಪದಕ್ಕೆ ಪದ ಇಟ್ಟರೆ ‘ನನಗೆ ಕೈ ಕೊಡು’ ಎಂದಾಗುತ್ತದೆ. ಆತ ಬೇಡುತ್ತಿರುವುದು ಸಹಾಯವನ್ನು. ನಮ್ಮ ಕಿವಿಗೆ ಬೀಳುವುದು ‘ನನ್ನನ್ನು ನಡುನೀರಿನಲ್ಲಿ ಬಿಟ್ಟು ಹೋಗು’ ಎಂದು! ಅದೇ ಕೈಗೆ ‘ಬಿಗ್’ ಎಂಬ ವಿಶೇಷಣ ಸೇರಿಸಿ ವೇದಿಕೆಯ ಮೇಲಿನಿಂದ ಹೇಳಿದರೆ ಚಪ್ಪಾಳೆ ತಟ್ಟಿರಿ ಎಂದರ್ಥ. ಪೂರ್ತಿ ಅಪರಿಚಿತವಾದ ನುಡಿಗಟ್ಟು ಅಷ್ಟು ಅಪಾಯಕಾರಿಯಲ್ಲ. ತಿಳಿಯದೆ ಹೋದರೆ ಕೇಳಿ ತಿಳಿದುಕೊಳ್ಳುತ್ತೇವೆ. ನಮ್ಮದರಂತೆಯೇ ಮುಖವಿದ್ದು ಬೇರೆ ಅರ್ಥ ಹೊತ್ತದ್ದೇ ಕೈ ಕೊಡುವುದು. ‘ಫೈರ್ ಇನ್ ದ ಬೆಲ್ಲಿ’ ಎಂದರೆ ಹೊಟ್ಟೆಯೊಳಗಿನ ಬೆಂಕಿ. ಅದು ಹೊಟ್ಟೆಕಿಚ್ಚಲ್ಲ; ಸಾಧಿಸಲೇಬೇಕೆಂಬ ಛಲ. ಕ್ರೀಡಾಪಟುವಿಗೆ ಅದು ಇದೆಯೆಂದು ಇಂಗ್ಲಿಷ್ ಪತ್ರಿಕೆ ಬರೆದರೆ ಅದು ಹೊಗಳಿಕೆ.

‘ಪುಲ್ ಸಮ್‌ಒನ್ಸ್ ಲೆಗ್’ ಎಂಬುದರ ಕಥೆ ಇನ್ನೂ ಸ್ವಾರಸ್ಯಕರ. ಅದರರ್ಥ ತಮಾಷೆಗಾಗಿ ಒಬ್ಬನನ್ನು ನಂಬಿಸಿ ಬೇಸ್ತು ಬೀಳಿಸುವುದು. ನಮ್ಮ ಕಡೆಯ ‘ಏನಪಾ, ನನ್ನ ಮಂಗ್ಯಾ ಮಾಡ್ತೀ ಏನು?’ ಎಂಬ ಮಾತು ಇದಕ್ಕೆ ಸರಿಯಾಗಿ ಕೂಡುತ್ತದೆ. ಆದರೆ ಈಚಿನ ಕನ್ನಡ ಪತ್ರಿಕೆಗಳಲ್ಲಿ ‘ಕಾಲೆಳೆದರು’ ಎಂಬುದೇ ಗೇಲಿಯ ಅರ್ಥದಲ್ಲಿ ಓಡಾಡುತ್ತಿದೆ. ಮೇಲೇರುವವನನ್ನು ಕೆಳಕ್ಕೆಳೆಯುವುದು ನಾವು ಆ ಮಾತಿಗೆ ಕೊಡುತ್ತಿದ್ದ ಅರ್ಥ. ಹೊಸದು ಇಂಗ್ಲಿಷಿನ ಪಡಿಯಚ್ಚೆಂದೇ ನನ್ನ ಅಭಿಪ್ರಾಯ. ‘ಮಂಗ್ಯಾ ಮಾಡು’ ಇರುವಾಗ ಈ ಸಾಲವೇಕೆ ತಂದರೋ!

ಅರ್ಥ ತಿಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿಯೇ ತನ್ನ ಗ್ರಾಮ್ಯಪದಗಳ ನಿಘಂಟಿನಲ್ಲಿ ಇದನ್ನು ದಾಖಲಿಸಿದ್ದಾನೆ. ಇಷ್ಟನ್ನು ಕಲಿತಿದ್ದ ಒಬ್ಬ ವಿದ್ಯಾರ್ಥಿ, ತಂದೆಯನ್ನು ಕಳೆದುಕೊಂಡ ಗೆಳೆಯನಿಗೆ ಸಂತಾಪ ಪತ್ರದ ಮೊದಲ ಸಾಲಿನಲ್ಲಿಯೇ ಅದನ್ನು ಬಳಸಿ ನನಗೆ ತೋರಿಸಲು ತಂದಿದ್ದ. ವ್ಯಾಕರಣದಲ್ಲಿ ಒಂದೂ ದೋಷವಿರಲಿಲ್ಲ. ನಾನು ಅವನನ್ನು ಕೇಳಿದ್ದು ಒಂದೇ: ‘ನಿಮ್ಮೂರಾಗ ಹಿರಿಯರು ತೀರಿಕೊಂಡ ಮನಿಗೆ ಹೋಗಿ, ನಿಮ್ಮಪ್ಪ ಗೊಟಕ್ ಅಂದ್ನಂತಲ್ಲ ಅಂತೀಯೇನಪ್ಪ?’ ಹುಡುಗನ ಮುಖ ಬಿಳಿಚಿತು. ಶಿವಾಧೀನರಾದರು, ಲಿಂಗೈಕ್ಯರಾದರು, ತೀರಿಕೊಂಡರು, ಸತ್ತ, ಗೊಟಕ್ ಅಂದ—ಈ ಐದರಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂದು ಅವನಿಗೆ ಯಾರೂ ಪಾಠ ಹೇಳಿರಲಿಲ್ಲ, ಆದರೂ ಗೊತ್ತಿತ್ತು. ಆ ಪತ್ರ ಅಂಚೆಗೆ ಹೋಗಲಿಲ್ಲ, ಬೇರೊಂದು ಹೋಯಿತು.

ಇಂಗ್ಲಿಷಿನಲ್ಲಿ ‘ಸ್ಲ್ಯಾಂಗ್’ ಎನ್ನುವುದು ಇಂಥ ಸಲಿಗೆಯ, ಕೆಲವೊಮ್ಮೆ ಒರಟಾದ ಮಾತುಗಳನ್ನೇ. ಅವುಗಳಲ್ಲಿ ಬಹುಪಾಲು ಬೇಗ ಸಾಯುತ್ತವೆ, ಕೆಲವು ದೊಡ್ಡಮನುಷ್ಯರಾಗುತ್ತವೆ. ಇಂದು ಜಗತ್ತೆಲ್ಲ ಆಡುವ ‘ಓಕೆ’ 1839ರಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ, ‘ಎಲ್ಲ ಸರಿ’ ಎಂಬ ಮಾತನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದ ಚೇಷ್ಟೆಯಿಂದ ಹುಟ್ಟಿತು. ‘ಗೈ’ ಎಂಬ ಮಾತಿನ ಹಿಂದೆ ಗೈ ಫಾಕ್ಸ್ ಇದ್ದಾನೆ. 1605ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಮದ್ದಿನಿಂದ ಸಿಡಿಸುವ ಸಂಚಿನಲ್ಲಿ ಸಿಕ್ಕಿಬಿದ್ದವನು. ಅವನ ಬೆದರುಬೊಂಬೆಗೆ ಆ ಹೆಸರು ಬಂತು, ಬಳಿಕ ವಿಚಿತ್ರ ವೇಷದವನಿಗೆ, ಕೊನೆಗೆ ಯಾವನೇ ಮನುಷ್ಯನಿಗೆ.

ಕೆಲವಂತೂ ನಮ್ಮ ದೇಶದಿಂದಲೇ ಹೋದವು. ‘ಹ್ಯಾವ್ ಎ ಡೆಕ್ಕೊ’ ಎಂದರೆ ಒಮ್ಮೆ ನೋಡು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಹಿಂದಿಯ ‘ದೇಖೋ’ವನ್ನು ಕೊಂಡೊಯ್ದದ್ದು. ಅವರು ತಮ್ಮ ತಾಯ್ನಾಡನ್ನು ‘ಬ್ಲೈಟಿ’ ಎಂದು ಕರೆದರು. ಅದು ನಮ್ಮ ಹಿರಿಯರು ಪರದೇಶದ ಸಾಮಾನಿಗೆ ಹೇಳುತ್ತಿದ್ದ ‘ವಿಲಾಯತಿ’ಯೇ.

ವಿದ್ಯಾರ್ಥಿ ಮಿತ್ರರು ಒಂದು ನೋಟುಬುಕ್ಕು ಇಡಲಿ. ಕಂಡ ನುಡಿಗಟ್ಟು, ಅದರ ಅರ್ಥ, ಅದನ್ನು ಯಾರು ಯಾರಿಗೆ ಹೇಳಿದರೆಂಬುದು, ಮನೆಮಾತಿನಲ್ಲಿ ಅದಕ್ಕೆ ಹೊಂದುವ ಮಾತು—ಇಷ್ಟನ್ನು ಬರೆಯಲಿ. ಕೊನೆಯದಕ್ಕಾಗಿ ಅಜ್ಜಿಯನ್ನು ಕೇಳಲು ಸಂಕೋಚ ಬೇಡ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬುದಕ್ಕೆ ನಮ್ಮ ತರಗತಿಯಲ್ಲಿ ‘ಅಮಾಸಿಗೊಮ್ಮೆ ಹುಣ್ಣಿಮಿಗೊಮ್ಮೆ’ ಎಂಬ ಉತ್ತರ ಬಂತು. ಉತ್ತರ ಒಳ್ಳೆಯದೇ. ಆದರೆ ಒಂದೇ ಇಂಗ್ಲಿಷ್ ತಿಂಗಳಿನಲ್ಲಿ ಬರುವ ಎರಡನೆಯ ಹುಣ್ಣಿಮೆಯನ್ನು ಇಂದು ಅವರು ‘ಬ್ಲೂ ಮೂನ್’ ಎನ್ನುತ್ತಾರೆ. ಅದಕ್ಕೆ ಎರಡೂವರೆ ವರ್ಷಕ್ಕೂ ಮಿಕ್ಕಿ ಕಾಯಬೇಕು. ನಮ್ಮ ಅಮಾವಾಸ್ಯೆ ಅಷ್ಟು ಕಾಯಿಸುವುದಿಲ್ಲ.