ಸೌಲನ ಕವಚ ಬೇಡ, ನಿನ್ನ ಕವಣೆ ಸಾಕು: ಮೊದಲ ಇಂಟರ್‌ವ್ಯೂಗೆ ಹೋಗುವ ಯೌವನಸ್ಥರಿಗೆ

ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಂಗಿ ಬಂದು, "ಬ್ರದರ್, ಬುಧವಾರ ಇಂಟರ್‌ವ್ಯೂ ಇದೆ. ಎಕ್ಸ್‌ಪೀರಿಯನ್ಸ್ ಏನೂ ಇಲ್ಲ. ಒಂದು ಲೆಟರ್ ಮಾಡಿಸಿ ಕೊಡ್ತೀವಿ ಅಂತಾರೆ, ಏನ್ ಮಾಡ್ಲಿ?" ಅಂದಳು. ಇವತ್ತಿನ ಪಾಠ ಅವಳಿಗೆ, ಅವಳ ಹಾಗೆ ಇರುವ ನಿಮ್ಮೆಲ್ಲರಿಗೆ.

1 ಸಮುವೇಲ 17ನೇ ಅಧ್ಯಾಯ ತೆಗೆಯಿರಿ. ಸೌಲನ ಮುಂದೆ ದಾವೀದ ನಿಂತಿದ್ದಾನೆ. ಒಂದು ರೀತಿ ಅದೂ ಇಂಟರ್‌ವ್ಯೂನೇ. ನೀನು ಹುಡುಗ, ಗೊಲ್ಯಾತ ಚಿಕ್ಕಂದಿನಿಂದ ಯುದ್ಧ ಮಾಡಿದವನು ಅಂತಾನೆ ರಾಜ. ದಾವೀದ ಸುಳ್ಳು ಹೇಳಲಿಲ್ಲ, ತಲೆ ತಗ್ಗಿಸಿ ಸುಮ್ಮನಾಗಲೂ ಇಲ್ಲ. ಕುರಿ ಕಾಯುವಾಗ ಸಿಂಹ ಬಂತು, ಕರಡಿ ಬಂತು, ನಾನು ಹೀಗೆ ಮಾಡಿದೆ ಅಂತ ವಿವರವಾಗಿ ಹೇಳಿದ. ಅಣ್ಣ ಎಲೀಯಾಬ ಅದೇ ಕುರಿಗಳನ್ನು ಹಿಡಿದು ಹಂಗಿಸಿದ್ದ. ಅಣ್ಣನಿಗೆ ನಗೆಪಾಟಲು, ದಾವೀದನಿಗೆ ಅದೇ ಅನುಭವ!

ಆಮೇಲೆ ಸೌಲ ತನ್ನ ಕವಚ ತೊಡಿಸಿದ. ದಾವೀದ ಹಾಕಿಕೊಂಡು ನೋಡಿದ, ಅಭ್ಯಾಸ ಇಲ್ಲ ಅಂತ ತೆಗೆದಿಟ್ಟ. ನಾನು ತೆಗೆದಿಡಲಿಲ್ಲ, ಪ್ರಿಯರೇ. ಬೈಬಲ್ ಕಾಲೇಜಿಗೆ ಹೋಗುವ ಮುಂಚೆ, ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಹೋದಾಗ ಆರು ತಿಂಗಳ ಸುಳ್ಳು ಅನುಭವ ಪತ್ರ ನನ್ನ ಫೈಲಿನಲ್ಲಿತ್ತು. ಆ ಸಾರ್ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಬೆಳಿಗ್ಗೆ ಹೋದ ತಕ್ಷಣ ಮೊದಲು ಏನು ಮಾಡ್ತಿದ್ದೆ?" ನನಗೆ ಬಾಯಿ ಬರಲಿಲ್ಲ. ಅವರು ಪತ್ರ ಮಡಚಿ ವಾಪಸ್ ಕೊಟ್ಟರು. ಬಸ್ಸಿನಲ್ಲಿ ಕೂತಾಗ ಹೊಳೀತು: ಎರಡು ವರ್ಷ ಸಂಜೆ ಹೊತ್ತು ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಟ್ಯಾಲಿಗೆ ಬಿಲ್ ಹಾಕಿದ್ದು ನಾನೇ, ಸಾಲದ ಪಟ್ಟಿ ಬರೆದದ್ದು ನಾನೇ. ಅದನ್ನು ಕೇಳಿದ್ದರೆ ಅರ್ಧ ಗಂಟೆ ಹೇಳ್ತಿದ್ದೆ. ಚಿಕ್ಕ ಅಂಗಡಿ ಅಂತ ನಾಚಿಕೆಪಟ್ಟು ಬರೆದೇ ಇರಲಿಲ್ಲ.

ಈಗ ಸಿಕ್ಕಿಬೀಳುವುದು ಇನ್ನೂ ಸುಲಭ. ಎಷ್ಟೋ ಕಂಪನಿಗಳು ಹಳೆಯ ಕಡೆ ಫೋನ್ ಮಾಡಿ ವಿಚಾರಿಸುತ್ತವೆ, ಪಿ.ಎಫ್. ದಾಖಲೆ ನೋಡುತ್ತವೆ. ಆದರೆ ಸಿಕ್ಕಿಬೀಳದಿದ್ದರೂ ಸುಳ್ಳು ಸುಳ್ಳೇ.

ಇನ್ನೊಂದು ಮಾತು ಗಮನಿಸಿ. 16ನೇ ಅಧ್ಯಾಯದಲ್ಲೇ ದಾವೀದನಿಗೆ ಅಭಿಷೇಕ ಆಗಿತ್ತು. ಆದರೂ ಹಳ್ಳಕ್ಕೆ ಇಳಿದು ಐದು ಕಲ್ಲು ಆರಿಸಿಕೊಂಡ. ಅಭಿಷೇಕ ಇದೆ ಅಂತ ತಯಾರಿ ಬಿಡಬೇಡಿ. ನಿಮ್ಮ ಐದು ಕಲ್ಲು ಇವು:

1. ಕೆಲಸದ ಜಾಹೀರಾತನ್ನು ಮೂರು ಸಲ ಓದಿ. ಆ ಕಂಪನಿ ಏನು ಮಾಡುತ್ತೆ, ನಿಮ್ಮಿಂದ ಏನು ಬೇಕು ಅಂತ ಬರೆದಿಟ್ಟುಕೊಳ್ಳಿ.

2. ನಿಮ್ಮ ಪರಿಚಯ ಒಂದೂವರೆ ನಿಮಿಷ ಸಾಕು: ಊರು, ಓದು, ಮಾಡಿದ ಕೆಲಸ, ಈ ಕೆಲಸ ಯಾಕೆ. ಬಾಯಿಪಾಠ ಮಾಡ್ಬೇಡಿ. ಮನೆಯಲ್ಲಿ ಯಾರಾದರೊಬ್ಬರ ಮುಂದೆ ಗಟ್ಟಿಯಾಗಿ ಹೇಳಿ ನೋಡಿ.

3. ನಿಮ್ಮ ಸಿಂಹ, ಕರಡಿ ಹುಡುಕಿ. ಎರಡು ನಿಜವಾದ ಘಟನೆ. ಕಾಲೇಜ್ ಪ್ರಾಜೆಕ್ಟ್, ಟ್ಯೂಷನ್, ಅಂಗಡಿ, ಸಂಡೇ ಸ್ಕೂಲ್ ಯಾವುದಾದರೂ ಆಗಲಿ. ಕಷ್ಟ ಏನಿತ್ತು, ನಾನೇನು ಮಾಡಿದೆ, ಕೊನೆಗೆ ಏನಾಯ್ತು, ಈ ಮೂರನ್ನೇ ಹೇಳಿ.

4. ರೆಸ್ಯೂಮೆ ಎರಡು ಪ್ರತಿ, ಮಾರ್ಕ್ಸ್ ಕಾರ್ಡ್ ಮೂಲ ಮತ್ತು ಜೆರಾಕ್ಸ್, ಆಧಾರ್, ಫೋಟೋ ಹಿಂದಿನ ರಾತ್ರಿಯೇ ಫೈಲಿಗೆ ಹಾಕಿ. ಯಾವ ಬಸ್ಸು ಅಂತ ತಿಳಿದುಕೊಂಡು ಅರ್ಧ ಗಂಟೆ ಮೊದಲೇ ತಲುಪಿ.

5. ಗೊತ್ತಿಲ್ಲದ್ದು ಕೇಳಿದರೆ, "ಇದು ಗೊತ್ತಿಲ್ಲ ಸಾರ್, ಕಲೀತೀನಿ" ಅನ್ನಿ. ಹಾಗೆ ಕಲಿತ ಒಂದು ವಿಷಯ ಜೊತೆಗೇ ಹೇಳಿ. ಕೊನೆಗೆ ನೀವೂ ಕೇಳಿ: "ಮೊದಲ ಮೂರು ತಿಂಗಳು ನನ್ನ ಕೆಲಸ ಏನಿರುತ್ತೆ?"

ಕೆಲಸ ಕೊಡಿಸ್ತೀವಿ ಅಂತ ಮೊದಲೇ ದುಡ್ಡು ಕೇಳುವವರಿಂದ ದೂರ ಇರಿ.

ಒಂದು ಕಡೆ ಆಗಲಿಲ್ಲ ಅಂದರೆ ದೇವರು ಕೈಬಿಟ್ಟ ಅಂತಲ್ಲ. ಎಲ್ಲಿ ತಡವರಿಸಿದಿರೋ ಅದನ್ನು ಅದೇ ಸಂಜೆ ಬರೆದಿಡಿ, ಮುಂದಿನ ಸಲಕ್ಕೆ ಅದೊಂದು ಕಲ್ಲು.

ಆ ತಂಗಿ ಲೆಟರ್ ಬೇಡ ಅಂದಿದ್ದಾಳೆ. ಮೂರು ವರ್ಷ ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿದ್ದನ್ನು ರೆಸ್ಯೂಮೆಯಲ್ಲಿ ಬರೆದಿದ್ದಾಳೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ. ಎಲ್ಲರೂ ಅವಳಿಗಾಗಿ ಪ್ರಾರ್ಥಿಸೋಣ. ಆಮೆನ್.